ಅಮ್ಮನ ಹೆಸರಿನ ಫೋಲ್ಡರು

ನಮ್ಮ ಮನೆಯಲ್ಲಿ ಬೇರೆಯವರ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕಳಿಸುವ ಪದ್ಧತಿ ಇಲ್ಲ. ಪಕ್ಕದವರು ಒಂದು ಬಟ್ಟಲು ಹುಳಿ ಕೊಟ್ಟರೆ ಆ ಬಟ್ಟಲನ್ನು ತೊಳೆದು, ಅದರಲ್ಲಿ ಏನಾದರೂ ಹಾಕಿಯೇ ಹಿಂದಕ್ಕೆ ಕೊಡಬೇಕು. ಮಾಡಿದ ತಿಂಡಿ ಇಲ್ಲದಿದ್ದರೆ ಒಂದು ಹಿಡಿ ಕಡಲೆಕಾಯಿ, ಅದೂ ಇಲ್ಲದಿದ್ದರೆ ಒಂದು ಉಂಡೆ ಹುಣಸೆಹಣ್ಣು, ಏನೂ ಇಲ್ಲವೆಂದರೆ ನಾಲ್ಕು ಕಾಳು ಸಕ್ಕರೆ. ಚಿಕ್ಕವಳಿದ್ದಾಗ ನಾನೊಮ್ಮೆ ಖಾಲಿ ತಟ್ಟೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದಿದ್ದಕ್ಕೆ ಅಮ್ಮ ತಲೆಗೆ ಮೊಟಕಿದ್ದಳು. ಈ ಪದ್ಧತಿ ಮೊಬೈಲಿನೊಳಕ್ಕೂ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ನಾವು ಮೂರು ಜನ ಮಕ್ಕಳು. ನಾನು ದೊಡ್ಡವಳು. ಮಧುಗಿರಿಯಲ್ಲಿ ಅಮ್ಮನ ಜೊತೆ ಇದ್ದೇನೆ. ಕೊರಟಗೆರೆಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಡುವಿನವನು ತಮ್ಮ, ಶಿರಾದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಕೊನೆಯವಳು ತಂಗಿ. ಪಾವಗಡದಿಂದಾಚೆ ವೈ.ಎನ್.ಹೊಸಕೋಟೆಗೆ ಮದುವೆಯಾಗಿ ಹೋಗಿ ಅಲ್ಲೇ ಅಂಗನವಾಡಿ ಟೀಚರಾದಳು. ಆ ಕಡೆ ಹೋಗಿ ಹದಿನೈದು ವರ್ಷವಾದ ಮೇಲೆ ಅವಳ ಮಾತಿನಲ್ಲಿ ಅರ್ಧ ತೆಲುಗು ಸೇರಿಕೊಂಡಿತು. ಯಾವುದಕ್ಕೂ "ಸರ್ಲೇ" ಅನ್ನುವಳು, ಸರಿ ಬಿಡು ಅನ್ನುವುದಕ್ಕೆ. ಅಮ್ಮ ಅವಳನ್ನು ರೇಗಿಸುತ್ತಿದ್ದಳು: "ಏನಮ್ಮಾ, ನಿನ್ ಕನ್ನಡಾನ ಬಸ್ಸಿನಾಗೆ ಬುಟ್ಟು ಬಂದ್ಬುಟ್ಯಾ?"

ಅಮ್ಮನಿಗೆ ಕಣ್ಣಿನ ಒತ್ತಡದ ಕಾಯಿಲೆ. ಮೊದಲು ಅಂಚು ಕಾಣದಾಯಿತು, ಆಮೇಲೆ ನಡು. ಈಗ ಬೆಳಕು ಕತ್ತಲೆ ಬಿಟ್ಟು ಏನೂ ತಿಳಿಯುವುದಿಲ್ಲ. ಆಸ್ಪತ್ರೆಗೆ ಒಮ್ಮೆ ನಾನು ಕರೆದುಕೊಂಡು ಹೋದರೆ ಇನ್ನೊಮ್ಮೆ ತಮ್ಮ, ಮತ್ತೊಮ್ಮೆ ತಂಗಿ. ಪ್ರತಿ ಸಲವೂ ಹಳೆಯ ಚೀಟಿ ಇನ್ನೊಬ್ಬರ ಮನೆಯಲ್ಲಿ ಉಳಿದಿರುತ್ತಿತ್ತು. ಅದಕ್ಕೇ ನಾನೊಂದು ಉಪಾಯ ಮಾಡಿದೆ. ಶಾಲೆಯ ಕಡತಗಳನ್ನು ಆಫೀಸಿನಿಂದ ಮನೆಗೆ, ಮನೆಯಿಂದ ಆಫೀಸಿಗೆ ಸಾಗಿಸಲು ನನಗೊಂದು ಕ್ಲೌಡ್ ಖಾತೆ ಇತ್ತು, ಪುಕ್ಕಟೆಯದು, ಎರಡು ಜಿಬಿ ಜಾಗ. ತಮ್ಮನಿಗೂ ತಂಗಿಗೂ ಅಂಥದ್ದೇ ಒಂದೊಂದು ಖಾತೆ ಮಾಡಿಕೊಟ್ಟು, "ಅಮ್ಮ" ಎಂದು ಒಂದು ಫೋಲ್ಡರ್ ತೆರೆದು, ಮೂವರೂ ಹಂಚಿಕೊಳ್ಳುವಂತೆ ಮಾಡಿದೆ. ಯಾರು ಚೀಟಿಯ ಫೋಟೋ ಹಾಕಿದರೂ ಮೂವರಿಗೂ ಕಾಣುತ್ತದೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ ಎಂದು ನನಗೆ ಕೋಡು ಮೂಡಿತ್ತು.

ಮೊದಲ ತಿಂಗಳಲ್ಲಿಯೇ ಫೋಲ್ಡರಿನಲ್ಲಿ ಬಕೆಟ್ಟುಗಳು ಬಂದವು. ತಮ್ಮನ ಅಂಗಡಿಗೆ ಬಂದ ಹೊಸ ಬಕೆಟ್ಟುಗಳ ವಿಡಿಯೋ, ಎರಡೂವರೆ ನಿಮಿಷದ್ದು. ಫೋನ್ ಮಾಡಿ ಕೇಳಿದರೆ, "ಅಕ್ಕಾ, ಅಮ್ಮಂದು ರಿಪೋರ್ಟ್ ತಕ್ಕಂಡ್ನಲ್ಲ, ಬರೀ ತಕ್ಕಳಾದು ಎಂಗೆ ಅಂತ ಇದೊಂದು ಹಾಕ್ದೆ" ಅಂದ. ತಂಗಿಯೂ ಹಾಗೆಯೇ. ಕಣ್ಣಿನ ಹನಿಯ ಹೆಸರು ನೋಡಿಕೊಳ್ಳಲು ಫೋಲ್ಡರ್ ತೆರೆದರೆ ಅಂಗನವಾಡಿ ಮಕ್ಕಳ ಕುಣಿತ ಒಂದು ಹಾಕಿಯೇ ಮುಚ್ಚುವಳು. ನಾನೇನು ಕಡಿಮೆಯಲ್ಲ, ಬೆಟ್ಟದ ಮೇಲೆ ಮೋಡ ಕೂತದ್ದನ್ನು ತೆಗೆದು ಹಾಕಿದ್ದೇನೆ. ಮೂರು ಮನೆಯವರೂ ಒಂದು ಪಾತ್ರೆಯನ್ನು ಬರಿದಾಗಿಸದೆ ತಿರುಗಿಸುತ್ತಿದ್ದೆವು. ಆಗ ನಗು ಬರುತ್ತಿತ್ತು.

ಪಾತ್ರೆ ತುಂಬಿತು. ಜಾಗ ಮುಗಿಯುತ್ತಿದೆ ಎಂದು ನನ್ನ ಖಾತೆಗೆ ಸೂಚನೆ ಬರತೊಡಗಿತು. ನನಗೆ ಅರ್ಥವೇ ಆಗಲಿಲ್ಲ. ಫೋಲ್ಡರಿನಲ್ಲಿರುವುದು ಒಂದೂವರೆ ಜಿಬಿ, ನಾವು ಮೂವರು, ತಲೆಗೆ ಅರ್ಧ ಬಂದರೆ ನನ್ನಲ್ಲಿ ಇನ್ನೂ ಬೇಕಾದಷ್ಟು ಉಳಿಯಬೇಕಲ್ಲ? ಹಂಚಿಕೊಳ್ಳುವುದು ಎಂದರೆ ಪಾಲು ಎಂದೇ ನಾನು ತಿಳಿದಿದ್ದೆ. ಕೂತು ಓದಿ ನೋಡಿದ ಮೇಲೆ ಗೊತ್ತಾಯಿತು, ಆ ಕಂಪನಿಯವರ ಲೆಕ್ಕ ಬೇರೆ. ಹಂಚಿಕೊಂಡ ಫೋಲ್ಡರಿನ ಪೂರ್ತಿ ತೂಕ ಅದರಲ್ಲಿರುವ ಪ್ರತಿಯೊಬ್ಬರ ತಲೆಯ ಮೇಲೂ ಬೀಳುತ್ತದೆ. ಒಂದೂವರೆ ನನಗೆ, ಒಂದೂವರೆ ತಮ್ಮನಿಗೆ, ಒಂದೂವರೆ ತಂಗಿಗೆ. ಯಾರು ಹಾಕಿದರು ಎಂಬುದನ್ನು ಕೇಳುವವರಿಲ್ಲ. ಕೆಲವು ಕಂಪನಿಗಳಲ್ಲಿ ಹಾಕಿದವರ ತಲೆಗೆ ಮಾತ್ರ ಕಟ್ಟುತ್ತಾರಂತೆ. ನಮ್ಮದು ಹಾಗಲ್ಲ. ತಮ್ಮನ ಬಕೆಟ್ಟುಗಳನ್ನು ನಾನೂ ಹೊರಬೇಕು.

ಇದನ್ನು ಇಬ್ಬರಿಗೂ ತಿಳಿಸಿ ಹೇಳಿದೆ. ತಮ್ಮ ಹೂಂ ಅಂದ, ಮಾರನೆಯ ದಿನ ಮಗ್ಗುಗಳ ವಿಡಿಯೋ ಹಾಕಿದ.

ಆ ದಿನಗಳಲ್ಲಿ ತಂಗಿಯ ಗಂಟಲು ಕೂತುಹೋಗಿತ್ತು. ಮಕ್ಕಳಿಗೆ ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡೆವು. ನಾಲ್ಕು ತಿಂಗಳಾದರೂ ಸರಿಹೋಗದೆ ಪಾವಗಡದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ತೆಗೆದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದರು. ಆಪರೇಷನ್ನಿಗೆ ಇನ್ನೂ ಮೂರು ವಾರ ಇತ್ತು. ಅಮ್ಮನಿಗೆ ಹೇಳಿದಾಗ ಅವಳು ಅಳಲಿಲ್ಲ. "ಅವಳು ಬರಕೊಟ್ರೆ ನಂಗೆ ಕಾಣಾಕಿಲ್ಲ. ನಂಗೂ ಅವಳ್ಗೂ ಇನ್ಮ್ಯಾಕೆ ಎಂಗಮ್ಮಾ?" ಎಂದು ಕೇಳಿದಳು. ತಂಗಿ ಅದಕ್ಕೆ ಉತ್ತರ ಹುಡುಕುತ್ತಿದ್ದಳು, ನನಗೆ ತಿಳಿಯಲಿಲ್ಲ ಅಷ್ಟೆ.

ಆಪರೇಷನ್ನಿನ ವಾರ. ಭಾನುವಾರವಿಡೀ ಮನೆಯಲ್ಲಿ ಕೂತು ಶಾಲೆಯ ಅಂಕಪಟ್ಟಿ ತುಂಬಿ ಖಾತೆಗೆ ಹಾಕಿದ್ದೆ. ಸೋಮವಾರ ಕೊರಟಗೆರೆಗೆ ಹೋಗಿ ಕಂಪ್ಯೂಟರ್ ತೆರೆದರೆ ಅದು ಅಲ್ಲಿಲ್ಲ. ಜಾಗವಿಲ್ಲದ ಕಾರಣ ಅದು ಮನೆಯಿಂದ ಹೊರಟೇ ಇರಲಿಲ್ಲ. ತಂದೆ ತಾಯಂದಿರು ಬಂದು ಸಾಲಾಗಿ ಕೂತಿದ್ದರು. ಮುಖ್ಯೋಪಾಧ್ಯಾಯಿನಿ ಅವರೆದುರಿಗೇ, "ಇಷ್ಟು ವರ್ಷ ಆಯ್ತಲ್ಲಮ್ಮ, ಒಂದು ಪಟ್ಟಿ ತರೋಕೆ ಬರಲ್ವಾ ನಿಮಗೆ?" ಅಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸಂಜೆ ಕೊರಟಗೆರೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ತಂಗಿಯ ಫೋನ್ ಬಂತು. ಬೆಳಗಿನ ಉರಿಯನ್ನೆಲ್ಲ ಅವಳ ಮೇಲೆ ಸುರಿದೆ. ಅವಳು ಏನೋ ಹೇಳಲು ಬಂದಳು. ಬಸ್ಸು ಬಂತು ಎಂದು ಇಟ್ಟುಬಿಟ್ಟೆ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಕೈಕಾಲು ಕೂಡ ತೊಳೆಯದೆ ಲ್ಯಾಪ್‌ಟಾಪ್ ತೆರೆದೆ. ಅಮ್ಮನ ಚೀಟಿಗಳಷ್ಟನ್ನೇ ಆರಿಸಿ ಬೇರೆ ಕಡೆ ಇಟ್ಟುಕೊಂಡೆ. ಉಳಿದದ್ದಕ್ಕೆಲ್ಲ ಒಟ್ಟಿಗೆ ಗುರುತು ಹಾಕಿ ಅಳಿಸಿದೆ. ಬಕೆಟ್ಟು, ಮಗ್ಗು, ಮಕ್ಕಳ ಕುಣಿತ, ನನ್ನ ಮೋಡ. ಕೊನೆಯಲ್ಲಿ ಬರೀ ಸಂಖ್ಯೆಗಳ ಹೆಸರಿನ ಒಂದು ಉದ್ದನೆಯ ಸಾಲೂ ಇತ್ತು. ತೆರೆದು ನೋಡಲಿಲ್ಲ. ನನ್ನ ತಲೆಯ ಮೇಲಿನದನ್ನು ನಾನು ಇಳಿಸಿಕೊಳ್ಳುತ್ತಿದ್ದೇನೆ, ಅವರವರದ್ದು ಅವರವರ ಹತ್ತಿರ ಇದ್ದೇ ಇರುತ್ತದೆ ಎಂಬುದು ನನ್ನ ಲೆಕ್ಕ. ಯಾಕೆಂದರೆ ತೂಕ ಹೇರುವಾಗ ಮೂವರಿಗೂ ಬೇರೆ ಬೇರೆಯಾಗಿ ಹೇರಿದ್ದರಲ್ಲ. ಹಾಗಿದ್ದ ಮೇಲೆ ಸಾಮಾನೂ ಮೂವರಿಗೂ ಬೇರೆ ಬೇರೆ ಇರಬೇಕು ತಾನೆ? ಇದ್ದದ್ದು ಒಂದೇ. ಫೋಲ್ಡರಿನಿಂದ ನಾನು ಹೊರಕ್ಕೆ ಬಂದಿದ್ದರೆ ನನ್ನ ಭಾರ ಮಾತ್ರ ಇಳಿಯುತ್ತಿತ್ತು. ಒಳಕ್ಕೆ ಹೋಗಿ ಅಳಿಸಿದ್ದರಿಂದ ಮೂವರದ್ದೂ ಹೋಯಿತು. ಅವತ್ತು ಅದು ನನಗೆ ಗೊತ್ತಿರಲಿಲ್ಲ. ಮನೆ ಗುಡಿಸಿದ ಮೇಲೆ ಬರುವ ಸಮಾಧಾನದಿಂದ ಎದ್ದು ಕಾಫಿ ಮಾಡಿಕೊಂಡೆ.

ಆಪರೇಷನ್ ಆಯಿತು. ಒಂದೂವರೆ ತಿಂಗಳು ಆಸ್ಪತ್ರೆ, ಅವಳ ಮನೆ, ಮತ್ತೆ ಆಸ್ಪತ್ರೆ. ಕತ್ತಿನಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ತೆಳ್ಳಗಿನ ಬಟ್ಟೆ. ಮಾತಾಡಬೇಕಾದರೆ ಅಂಗನವಾಡಿಯ ಮಕ್ಕಳ ಸ್ಲೇಟಿನ ಮೇಲೆ ಬರೆಯುವಳು. ಅಷ್ಟು ದಿನವೂ ಯಾರೂ ಆ ಫೋಲ್ಡರನ್ನು ತೆರೆಯಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗಂಡನ ಜೊತೆ ಅಮ್ಮನನ್ನು ನೋಡಲು ಮಧುಗಿರಿಗೆ ಬಂದಳು. ಅಮ್ಮ ಮಂಚದ ಮೇಲೆ ಕೂತಿದ್ದಳು. ತಂಗಿ ಅವಳ ಪಕ್ಕದಲ್ಲಿ ಕೂತು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಚಿಕ್ಕಂದಿನಲ್ಲಿ ಏನಾದರೂ ಬಚ್ಚಿಟ್ಟು ತೋರಿಸುವ ಮುಂಚೆ ಹಾಗೆಯೇ ಮಾಡುತ್ತಿದ್ದಳು. ಫೋನ್ ತೆಗೆದು ಒತ್ತಿದಳು. ಮತ್ತೆ ಒತ್ತಿದಳು. ಮೇಲೆ ಕೆಳಗೆ ಸರಿಸಿದಳು. ನೆಟ್‌ವರ್ಕ್ ಇಲ್ಲವೇನೋ ಎಂದು ಬಾಗಿಲ ಹತ್ತಿರ ಹೋಗಿ ನಿಂತು ನೋಡಿದಳು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದಳು: "ಅಕ್ಕಾ, ಫೋಲ್ಡರಿನಾಗೆ ಏನೂ ಇಲ್ಲ?"

ನನಗೆ ಆಗಲೂ ಹೊಳೆಯಲಿಲ್ಲ. "ತುಂಬಿತ್ತು, ನನ್ನ ಕಡೆಯಿಂದ ಕ್ಲೀನ್ ಮಾಡಿದೆ. ನಿನ್ನದು ನಿನ್ನಲ್ಲಿರುತ್ತಲ್ಲ" ಅಂದೆ. ಅವಳು ತಲೆ ಅಲ್ಲಾಡಿಸಿದಳು. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟಳು.

ಅದರಲ್ಲಿ ಒಂದರಿಂದ ನಲವತ್ತೊಂದರವರೆಗೆ ಸಂಖ್ಯೆ ಹಾಕಿ ಒಂದೊಂದು ವಾಕ್ಯ ಬರೆದಿದ್ದಳು. "ಅಮ್ಮಾ, ನಾನು ಕಣಮ್ಮ, ಬಂದಿದೀನಿ." "ಅಮ್ಮಾ, ಕಣ್ಣಿಗೆ ಹನಿ ಬುಟ್ಕಂಡ್ಯಾ?" "ಹೂಂ." "ಇಲ್ಲ." "ನಂಗೇನೂ ನೋವಿಲ್ಲ, ನೀನು ಯೋಚ್ನೆ ಮಾಡ್ಬ್ಯಾಡ." "ಕೈ ಕೊಡು ಇಲ್ಲಿ." ಇಪ್ಪತ್ತೇಳನೆಯದು ಹೀಗಿತ್ತು: "ಅಕ್ಕ ಬೈದ್ಲಾ? ಬೈಲಿ ಬುಡು, ನಿನ್ನ ನೋಡ್ಕಳಾಳು ಅವಳೇ ಅಲ್ವಾ." ಕಡಲೆಕಾಯಿ ಮೂಟೆ ಇಟ್ಟಿದ್ದ ಕೋಣೆಯಲ್ಲಿ, ಹೊರಗಿನ ಸದ್ದು ಬರದ ಹಾಗೆ ಬಾಗಿಲು ಹಾಕಿಕೊಂಡು, ಇದ್ದ ದನಿಯಲ್ಲೇ ಎರಡು ದಿನ ಕೂತು ಇದನ್ನೆಲ್ಲ ಹೇಳಿ ರೆಕಾರ್ಡ್ ಮಾಡಿದ್ದಳಂತೆ. ಫೋನಿನಲ್ಲಿ ಯಾವ ಸಂಖ್ಯೆ ಒತ್ತಿದರೆ ಆ ಮಾತು. ಅಮ್ಮನ ಪಕ್ಕದಲ್ಲಿ ಕೂತು ಒತ್ತಿದರೆ ಮಾತಾಡಿದ ಹಾಗೆಯೇ. ಸಂಖ್ಯೆಗಳ ಹೆಸರಿನ ಆ ಉದ್ದನೆಯ ಸಾಲು ಅದೇ ಆಗಿತ್ತು.

"ಫೋನಿನಲ್ಲಿ ಇಟ್ಟುಕೊಂಡಿಲ್ವೇನೇ?" ಎಂದು ಕೇಳಿದೆ. ಸ್ಲೇಟಿನಲ್ಲಿ ಬರೆದಳು: "ನೀನೇ ಹೇಳಿದ್ದೆ." ಹೌದು, ನಾನೇ. ಫೋಲ್ಡರಿಗೆ ಹಾಕಿದ ಮೇಲೆ ಫೋನಿನಿಂದ ತೆಗೆದುಬಿಡು, ಎರಡು ಕಡೆ ಯಾಕೆ ಜಾಗ ದಂಡ ಎಂದು ಪಾಠ ಹೇಳಿಕೊಟ್ಟವಳು ನಾನು. ವಾಟ್ಸಾಪಿನಲ್ಲಿ ಅವಳು ಕಳಿಸುತ್ತಿದ್ದ ಮಾತುಗಳನ್ನೂ ಶನಿವಾರ ಶನಿವಾರ ಗುಡಿಸಿ ಹಾಕುತ್ತಿದ್ದವಳು ನಾನು. ಅವಳ ಗಂಡನದು ಗುಂಡಿ ಒತ್ತುವ ಹಳೆಯ ಫೋನು. ತಮ್ಮನ ಫೋಲ್ಡರೂ ಖಾಲಿ.

ನಾವಿಬ್ಬರೂ ಹೀಗೆ ಸ್ಲೇಟು ನೋಡುತ್ತ ನಿಂತಿದ್ದಾಗ ಅಮ್ಮ ಎರಡೂ ಕೈ ಮುಂದಕ್ಕೆ ಚಾಚಿ, "ಯಾಕ್ರೇ ಯಾರೂ ಮಾತಾಡ್ತಿಲ್ಲ? ಏನಾಯ್ತು?" ಅಂದಳು.

ಹೇಳಿದೆ. ಸುಳ್ಳು ಹೇಳಬಹುದಿತ್ತು, ಕಂಪನಿಯ ಮೇಲೆ ಗೂಬೆ ಕೂರಿಸಬಹುದಿತ್ತು, ಆಗಲಿಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಒಂದೇ ಮಾತು ಕೇಳಿದಳು: "ತುಂಬಿರೋ ಪಾತ್ರೇನ ಯಾರಾನ ಒಳಗೇನೈತೆ ಅಂತ ಬಗ್ಗಿ ನೋಡ್ದೆ ಚೆಲ್ತಾರೇನವ್ವಾ?" ಆ ಮೊಟಕು ಚಿಕ್ಕಂದಿನದಕ್ಕಿಂತ ಜೋರಾಗಿ ಬಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಾನೇ ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತೆ. ತಂಗಿ ಒಳಗೆ ಬಂದು ನಲ್ಲಿ ನಿಲ್ಲಿಸಿದಳು. ಸ್ಲೇಟಿನಲ್ಲಿ "ಬುಡು" ಎಂದು ಬರೆದಿತ್ತು. ಅದನ್ನು ಓದಿ ನನಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಮಾರನೆಯ ದಿನ ರಜೆ ಹಾಕಿ ಶಿರಾಕ್ಕೆ ಹೋದೆ. ತಮ್ಮನ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಸಾಬರೊಬ್ಬರಿದ್ದಾರೆ, ನನಗಿಂತ ಹತ್ತು ವರ್ಷ ಚಿಕ್ಕವರು, ಅಕ್ಕ ಅನ್ನುವುದಕ್ಕೆ ಆಪಾ ಅನ್ನುವವರು. ಲ್ಯಾಪ್‌ಟಾಪ್, ನನ್ನ ಫೋನು, ತಂಗಿಯ ಫೋನು ಮೂರನ್ನೂ ಅವರ ಮುಂದಿಟ್ಟೆ. ಅರ್ಧ ಗಂಟೆ ನೋಡಿ ಹೇಳಿದರು: "ಆಪಾ, ಅಳಿಸಿದ್ದನ್ನು ಇವ್ರು ಒಂದು ತಿಂಗಳು ಇಟ್ಕೊಂಡಿರ್ತಾರೆ. ಅದ್ರೊಳಗೆ ಕೇಳಿದ್ರೆ ವಾಪಸ್ ಬರ್ತಿತ್ತು. ಈಗ ಒಂದೂವರೆ ತಿಂಗಳಾಗೋಯ್ತು." ತಂಗಿಯ ಫೋನಿನಲ್ಲೂ ಕೆದಕಿ ನೋಡಿದರು. ಆ ಜಾಗದ ಮೇಲೆ ಬೇರೆ ಏನೇನೋ ಬಂದು ಕೂತಿದೆ, ಸಿಗುವುದಿಲ್ಲ ಎಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ನನ್ನ ಫೋನನ್ನು ಮತ್ತೆ ಕೈಗೆತ್ತಿಕೊಂಡು, "ಆಪಾ, ಇದ್ರಲ್ಲಿ ಕಾಲ್ ರೆಕಾರ್ಡಿಂಗ್ ಆನ್ ಇದೆಯಲ್ಲ" ಅಂದರು.

ನನಗೆ ಗೊತ್ತೇ ಇರಲಿಲ್ಲ. ಫೋನ್ ಕೊಂಡ ದಿನದಿಂದ ಅದು ನನ್ನ ಮಾತನ್ನೆಲ್ಲ ಕೂಡಿಡುತ್ತಾ ಬಂದಿತ್ತು. ತಂಗಿಯ ನಂಬರಿನ ಹನ್ನೊಂದು ಕರೆಗಳು ಇದ್ದವು. ಆ ಸಂತೋಷವನ್ನು ಹೇಳಲಾರೆ. ಸಾಬರ ಕೈ ಹಿಡಿದುಕೊಂಡುಬಿಟ್ಟೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದೊಂದಾಗಿ ಕೇಳಿದೆ.

ಹನ್ನೊಂದು ಕರೆಗಳಲ್ಲೂ ಮಾತಾಡುತ್ತಿರುವುದು ನಾನು. ಬಸ್ಸು ತಡವಾದದ್ದು, ಅಮ್ಮ ಉಪ್ಪು ಕಡಿಮೆ ಎಂದದ್ದು, ತಮ್ಮನ ಬಕೆಟ್ಟು, ಮುಖ್ಯೋಪಾಧ್ಯಾಯಿನಿಯ ಮೂತಿ. ನಡುನಡುವೆ ಅವಳು: "ಹೂಂ ಅಕ್ಕಾ." "ಅಂಗಾ ಅಕ್ಕಾ?" "ಊಟ ಆಯ್ತೇನಕ್ಕಾ?" ಒಂದರಲ್ಲಿ, "ಅಮ್ಮನ ಕೈಗೆ ಒಸಿ ಫೋನ್ ಕೊಡಕ್ಕಾ" ಅನ್ನುತ್ತಾಳೆ. ನಾನು, "ಈಗ ತಾನೇ ಮಲ್ಕೊಂಡ್ಲು" ಎಂದು ಮತ್ತೆ ನನ್ನ ಕತೆಗೆ ಬರುತ್ತೇನೆ. ಅಮ್ಮ ಮಲಗಿದ್ದಳೋ ಇಲ್ಲವೋ ನನಗೀಗ ನೆನಪಿಲ್ಲ.

ಕೊನೆಯದು ಕೊರಟಗೆರೆ ಬಸ್ ನಿಲ್ದಾಣದ್ದು. ಹಿಂದೆ ಕಂಡಕ್ಟರುಗಳ ಕೂಗು. "ಅಕ್ಕಾ, ಆ ಫೋಲ್ಡರ್‌ನಾಗೆ ಅಮ್ಮಂಗೆ ಅಂತ ಒಂದಷ್ಟು..." ಅನ್ನುತ್ತಾಳೆ ಅವಳು, ಒಣಗಿದ ದನಿಯಲ್ಲಿ. "ಮತ್ತೆ ಹಾಕಿದ್ಯೇನೇ? ಎಷ್ಟು ಸಲ ಹೇಳ್ಬೇಕೇ ನಿಂಗೆ?" ಅದು ನಾನು. "ಅಲ್ಲಕ್ಕಾ, ಒಸಿ ಕೇಳು..." "ಏನ್ ಕೇಳೋದು? ನಿಮ್ಮಿಂದ ಇವತ್ತು ಎಲ್ಲರ ಮುಂದೆ ನನ್ನ ಮಾನ ಹೋಯ್ತು!" ಬಸ್ಸಿನ ಸದ್ದು. "ಬಸ್ಸು ಬಂತು, ಇಡ್ತೀನಿ." ಅದೂ ನಾನು. ಆಮೇಲೆ ಅವಳು, "ಸರ್ಲೇ ಅಕ್ಕಾ. ಆಮ್ಯಾಲೆ ಹೇಳ್ತೀನಿ."

ರಿಪೇರಿಯವರು ತಲೆ ಬಗ್ಗಿಸಿಕೊಂಡು ಯಾವುದೋ ಸ್ಕ್ರೂ ಬಿಗಿ ಮಾಡುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ ಎನ್ನುವಂತೆ. ಬಿಗಿ ಮಾಡಲು ಅಲ್ಲಿ ಏನೂ ಇರಲಿಲ್ಲ.

ಎರಡು ಮಧ್ಯಾಹ್ನ ಕೂತು ನನ್ನ ದನಿಯನ್ನೆಲ್ಲ ಕತ್ತರಿಸಿ ತೆಗೆದು, ಅವಳದ್ದನ್ನು ಮಾತ್ರ ತುಂಡು ತುಂಡಾಗಿ ಉಳಿಸಿಕೊಟ್ಟರು. ನಲವತ್ತೊಂದು ವಾಕ್ಯಗಳ ಜಾಗದಲ್ಲಿ ಹದಿನಾಲ್ಕು ಚೂರುಗಳು. ಅವನ್ನು ಮೂರು ಫೋನಿನಲ್ಲೂ ಹಾಕಿದೆ, ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಗಾಡ್ರೇಜಿನಲ್ಲಿಟ್ಟೆ, ಅಮ್ಮನ ಹೆಸರಿನ ಫೋಲ್ಡರಿಗೂ ಹಾಕಿದೆ. ಎಲ್ಲ ಸೇರಿದರೂ ತಮ್ಮನ ಒಂದು ಬಕೆಟ್ಟಿನಷ್ಟು ತೂಕವಿಲ್ಲ. ಆ ನಲವತ್ತೊಂದೂ ಅಷ್ಟೇ ಇದ್ದಿರಬೇಕು. ಅವನ್ನು ಅಳಿಸಿದ್ದರಿಂದ ನನಗೆ ಜಾಗವೇನೂ ಉಳಿದಿರಲಿಲ್ಲ.

ನೋಟ್‌ಬುಕ್ಕನ್ನು ನಾನೇ ಅಮ್ಮನಿಗೆ ಓದಿ ಹೇಳುತ್ತೇನೆ ಎಂದು ಒಮ್ಮೆ ಕೂತೆ. "ಅಮ್ಮಾ, ನಾನು ಕಣಮ್ಮ" ಎಂದು ಶುರುಮಾಡಿದ ಕೂಡಲೇ ಅಮ್ಮ, "ಬ್ಯಾಡ ಬುಡು" ಅಂದಳು. ನಾನೂ ಮುಚ್ಚಿಟ್ಟೆ.

ತಂಗಿ ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಮಂಚದ ಮೇಲೆ ಅಮ್ಮನಿಗೆ ಒತ್ತಿಕೊಂಡು ಕೂತು ಫೋನ್ ಒತ್ತುತ್ತಾಳೆ. ಆ ಹದಿನಾಲ್ಕು ಚೂರುಗಳಲ್ಲಿ ಒಂದರಲ್ಲೂ ಅವಳು "ಅಮ್ಮಾ" ಎಂದು ಕರೆದಿಲ್ಲ. ಎಲ್ಲ ನನ್ನ ಜೊತೆ ಆಡಿದ ಮಾತುಗಳು. ಫೋನನ್ನು ನಾನು ಅಮ್ಮನ ಕೈಗೆ ಕೊಟ್ಟಿದ್ದರೆ ತಾನೇ ಕರೆಯುವುದು? ಹೋದ ವಾರ ಬಂದಾಗ ನಾನು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಒಳಗಿನಿಂದ ಅವಳ ದನಿ ಕೇಳಿಸಿತು: "ಊಟ ಆಯ್ತೇನಕ್ಕಾ?"

"ಆಯ್ತು ಕಣಮ್ಮ," ಅಂದಳು ಅಮ್ಮ. "ನಿಂದಾಯ್ತಾ?"